ಬೇಸಿನ್ನಿನಲ್ಲಿ ಬೆಕ್ಕುಮೀನು

ಕ್ಷೌರಿಕನ ಅಂಗಡಿಗೆ ಬೋರ್ಡು ಇರಲಿಲ್ಲ. ಅವನ ಮೀಸೆಯೇ ಬೋರ್ಡು. ಗಿರಾಕಿಗಳು ದೂರದಿಂದಲೇ ಅದನ್ನು ನೋಡಿ ಒಳಗೆ ಬರುತ್ತಿದ್ದರು. ಹೆಂಡತಿ ಮದುವೆಗೆ ಒಪ್ಪಿದ್ದೂ ಆ ಮೀಸೆ ನೋಡಿಯೇ ಅಂತ ಅವನ ನಂಬಿಕೆ. ಅಂಥದ್ದನ್ನು ಪಂದ್ಯಕ್ಕಿಟ್ಟ ಪುಣ್ಯಾತ್ಮನಿಗೆ ಏನನ್ನಬೇಕು ಹೇಳಿ!

ಕೆಣಕಿದವನು ಮೀನಂಗಡಿ ಇಟ್ಟಿದ್ದ ಭಾಮೈದ. "ಭಾವ, ಬಡಾಯಿ ಸಾಕು. ಭಾನುವಾರ ಸಂಜೆಯೊಳಗೆ ನಿಮ್ಮ ಮೀಸೆಗಿಂತ ಉದ್ದ ಮೀಸೆ ಇರೋ ಬೆಕ್ಕುಮೀನು ಹಿಡಿದು ತೋರಿಸಿ. ಇಲ್ಲಾಂದ್ರೆ ನಿಮ್ಮ ಕುರ್ಚಿಲೇ ಕೂರಿಸಿ ನಾನೇ ಬೋಳಿಸ್ತೀನಿ."

"ಆಗಲಿ ಕಣೋ!" ಅಂದುಬಿಟ್ಟ.

ಬೆಕ್ಕುಮೀನು ಬೆಚ್ಚಗಿನ ಕೆರೆಯ ತಳದ ಕೆಸರಲ್ಲಿ ಬಿದ್ದುಕೊಂಡಿರುತ್ತದೆ. ನಾತ ಬಂದ ಕಡೆಗೆ ಮೀಸೆ ಆಡಿಸುತ್ತಾ ಹೊರಡುತ್ತದೆ. ಅದಕ್ಕೇ ಇವನು ಕೋಳಿಯ ಲಿವರನ್ನು ಬಿಸಿಲಿಗಿಟ್ಟು ಕೊಳೆಸಿದ. "ಈ ಮನೇಲಿ ಅದಿರ್ಬೇಕು, ಇಲ್ಲಾ ನಾನಿರ್ಬೇಕು" ಎಂದು ಹೆಂಡತಿ ಮೂಗು ಮುಚ್ಚಿಕೊಂಡು ಕೂಗಿದಳು. ಇವನು ಲಿವರಿನ ಡಬ್ಬಿ ಎತ್ತಿಕೊಂಡು ಕೆರೆಗೆ ನಡೆದ.

ದಿನಾ ಕೂತರೂ ಒಂದು ಮೀನೂ ಕಚ್ಚಲಿಲ್ಲ. ಕೈಗೆ ಅಂಟಿದ್ದ ಶೇವಿಂಗ್ ಲೋಷನ್ನಿನ ಘಮ ಲಿವರಿನ ನಾತವನ್ನೂ ಹೊಡೆದು ಹಾಕಿತ್ತು. ಭಾನುವಾರ ಬುದ್ಧಿ ಬಂತು. ಮೊಣಕೈವರೆಗೂ ಕೆಸರು ಉಜ್ಜಿಕೊಂಡು ಗಾಳವನ್ನು ತಳಕ್ಕೆ ಬಿಟ್ಟ. ದಾರ ಅಲುಗಿದರೂ ಎಳೆಯಲಿಲ್ಲ. ಕೋಲು ಪೂರ್ತಿ ಬಾಗಿದ ಮೇಲೆ ಜಗ್ಗಿದ. ಅಬ್ಬಬ್ಬಾ, ಎಂಥ ಮೀನು! ಅದರ ಮೀಸೆಯ ಮುಂದೆ ಇವನದು ಏನೇನೂ ಅಲ್ಲ.

ಮೀನನ್ನು ಅಂಗಡಿಯ ಬೇಸಿನ್ನಿಗೆ ಬಿಟ್ಟು ಭಾಮೈದನಿಗೆ ಹೇಳಿ ಕಳಿಸಿದ. ಗೆದ್ದ ಖುಷಿಗೆ ಹಾಡು ಗುನುಗುತ್ತಾ ಮೀನನ್ನೇ ನೋಡುತ್ತಾ ನಿಂತ. ಅದರ ಎಡ ಮೀಸೆ ಕೊಂಚ ಉದ್ದ ಕಂಡಿತು. ಕೈ ಸುಮ್ಮನಿರಬೇಕಲ್ಲ! ಕತ್ತರಿ ತಗೊಂಡು ಸಮ ಮಾಡಿದ. ಈಗ ಬಲಗಡೆಯದು ಉದ್ದವಾಯಿತು. ಅದನ್ನೂ ಸ್ವಲ್ಪ ತೆಗೆದ. ಮತ್ತೆ ಎಡಗಡೆ.

ಭಾಮೈದ ಬಂದು ಇಣುಕಿದ. "ಮೀನೇನೋ ಭರ್ಜರಿಯಾಗಿದೆ. ಮೀಸೆ ಎಲ್ಲಿ ಭಾವ?"

ಕ್ಷೌರಿಕ ಕೈಯಲ್ಲಿದ್ದ ಕತ್ತರಿ ನೋಡಿದ. "ಈಗ ತಾನೇ ಇತ್ತು ಕಣೋ, ನಿನ್ನಾಣೆ..."

"ಕೂತ್ಕೊಳ್ಳಿ."

ಕೂತ. ಕಣ್ಣಲ್ಲಿ ನೀರು ಬಂತು. ಆದರೂ "ರೇಜರ್ ಓರೆಯಾಗಿ ಹಿಡಿಯೋ, ದಡ್ಡ" ಎಂದು ಹೇಳಿಕೊಡುತ್ತಲೇ ಬೋಳಿಸಿಕೊಂಡ.

ಮರುದಿನ ಹಳೆಯ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದ.

"ಅಂಗಡಿಯವರಿಲ್ವಾ?"

ಕ್ಷೌರಿಕ ಬೋಳು ತುಟಿ ಸವರಿಕೊಂಡ.

"ಮೀನು ಹಿಡಿಯೋಕೆ ಹೋಗಿದಾರೆ" ಅಂದ. "ಬರೋಕೆ ಒಂದೆರಡು ತಿಂಗಳಾದ್ರೂ ಆಗುತ್ತೆ."