ನೊಣಗಳಿಗೆ ಗಂಜಿ ಕಾಯಿಸುವ ದಾನಮ್ಮ

ಬೆಳಗಿನ ಆರು ಗಂಟೆ. ರಾಜಾಜಿನಗರದ ಈ ಕಾಲೇಜಿನ ಗೇಟಿನಲ್ಲಿ ಕಾವಲುಗಾರ ಇನ್ನೂ ಮುಖ ತೊಳೆಯುತ್ತಿದ್ದಾನೆ. ಹಿಂಬದಿಯ ಪ್ರಾಣಿಶಾಸ್ತ್ರ ವಿಭಾಗದಿಂದ ಆಗಲೇ ಬೆಲ್ಲ ಕರಗುವ ಘಮ ಹೊರಟಿದೆ. ಹೊಸ ವಿದ್ಯಾರ್ಥಿಗಳು ಇದನ್ನೇ ಕ್ಯಾಂಟೀನು ಎಂದುಕೊಂಡು ತಿಂಡಿ ಕೇಳಲು ಬಂದದ್ದೂ ಉಂಟು. ಒಳಗೆ ದಾನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದೊಡ್ಡ ಪಾತ್ರೆಯಲ್ಲಿ ರವೆ ತಿರುವುತ್ತಿದ್ದಾರೆ. ಗಂಟಾಗಬಾರದು, ತಳ ಹಿಡಿಯಬಾರದು. ಗಟ್ಟಿಯಾಗಲು ಅಗರ್ ಪುಡಿ, ಬೂಷ್ಟು ಹಿಡಿಯದಿರಲು ತುಸು ಆಸಿಡ್. ಆಮೇಲೆ ಸಾಲಾಗಿ ಇಟ್ಟ ಇನ್ನೂರು ಗಾಜಿನ ಬಾಟಲಿಗಳಿಗೆ ಬಡಿಸಬೇಕು.

“ಮದುವಿ ಮನ್ಯಾಗ ಶಿರಾ ಕೆಟ್ರ ಮಂದಿ ಬೈತಾರ್ರಿ. ಇವು ಬೈಯೂದಿಲ್ಲ. ಸುಮ್ಮನ ಸತ್ತು ಹೋಗ್ತಾವ,” ಎನ್ನುತ್ತಾರೆ.

ಉಣ್ಣುವವು ಹಣ್ಣಿನ ನೊಣಗಳು. ಕೊಳೆತ ಬಾಳೆಹಣ್ಣಿನ ಸುತ್ತ ಗುಂಯ್‌ಗುಡುತ್ತವಲ್ಲ, ಅವೇ. ಮನುಷ್ಯನ ವಂಶವಾಹಿಗಳ ನಕ್ಷೆ ಮುಗಿಯಿತೆಂದು ಹೋದ ವರ್ಷ ಪತ್ರಿಕೆಗಳೆಲ್ಲ ಬರೆದವು. ಆ ವಿದ್ಯೆಯ ಎಷ್ಟೋ ಮೊದಲ ಪಾಠಗಳು ಈ ಎಳ್ಳುಕಾಳಿನಷ್ಟು ಜೀವದಿಂದ ಬಂದವು. ಅದಕ್ಕೆ ದಿನಾ ಊಟ ಹಾಕುವವರ ಹೆಸರು ಮಾತ್ರ ಎಲ್ಲೂ ಅಚ್ಚಾಗುವುದಿಲ್ಲ.

ದಾನಮ್ಮ ಬಿಜಾಪುರದ ಕಡೆಯವರು. ಗಂಡ ರಾಚಪ್ಪ ಇಲ್ಲಿನ ಕೈಗಾರಿಕಾ ವಸಾಹತಿನಲ್ಲಿ ಲೇತ್ ಯಂತ್ರದ ಕೆಲಸಕ್ಕೆ ಸೇರಿದಾಗ ಜೊತೆಯಲ್ಲಿ ಬಂದು ಸುಂಕದಕಟ್ಟೆಯಲ್ಲಿ ಮನೆ ಹೂಡಿದರು. ಕಾರ್ಖಾನೆ ಬಾಗಿಲು ಹಾಕಿತು, ರಾಚಪ್ಪ ಹಾಸಿಗೆ ಹಿಡಿದರು. ದಾನಮ್ಮ ಖಾನಾವಳಿಯಲ್ಲಿ ರೊಟ್ಟಿ ತಟ್ಟಿದರು; ಬಳಿಕ ಈ ಕಾಲೇಜಿಗೆ ಕಸ ಗುಡಿಸಲು ಬಂದರು. ನೊಣದ ಅಡುಗೆಯವರು ನಿವೃತ್ತರಾದ ಮೇಲೆ ಸೌಟು ಇವರ ಕೈಗೆ ಬಂತು. “ನೊಣ ಹೊಡಿಯೂ ಕೆಲಸ ಕೇಳಿದ್ದೆ, ನೊಣಕ್ಕ ಉಣಿಸೂ ಕೆಲಸ ಕೇಳಿದ್ದಿಲ್ಲ,” ಎಂದು ರಾಚಪ್ಪ ಈಗಲೂ ರೇಗಿಸುತ್ತಾರಂತೆ.

ಇಲ್ಲಿನ ನೊಣಗಳಲ್ಲಿ ಒಂದು ವಂಶ ಎಲ್ಲರ ಕಣ್ಮಣಿ. ಅವುಗಳ ತಲೆಯ ಮೇಲೆ ಕುಡಿಮೀಸೆ ಇರಬೇಕಾದ ಜಾಗದಲ್ಲಿ ಕಾಲು ಬೆಳೆದಿರುತ್ತದೆ. ದಾನಮ್ಮ ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿ ‘ಶಿವನೇ’ ಎಂದು ಹಿಂದೆ ಸರಿದಿದ್ದರು. ವಿಭಾಗದ ಮುಖ್ಯಸ್ಥೆ ಅನಂತಲಕ್ಷ್ಮಿ ಆಗ ಪಕ್ಕದಲ್ಲೇ ಕುಳಿತು ಬಿಡಿಸಿ ಹೇಳಿದರು.

“ಸಾಮಾನೆಲ್ಲ ಅದೇ ಕಣ್ರೀ ದಾನಮ್ಮ. ಎಲ್ಲಿ ಕಾಲು ಬರ್ಬೇಕು, ಎಲ್ಲಿ ಮೀಸೆ ಬರ್ಬೇಕು ಅಂತ ಅಪ್ಪಣೆ ಕೊಡೋ ಒಂದು ವಂಶವಾಹಿ ಇದೆ. ಅದು ತಪ್ಪು ಜಾಗದಲ್ಲಿ ಬಾಯಿ ಬಿಟ್ಟಿದೆ, ಅಷ್ಟೇ. ಅದೇ ಥರದ ಅಪ್ಪಣೆ ಇಲೀಲೂ ಇದೆ, ನಮ್ಮಲ್ಲೂ ಇದೆ. ಕೋಟ್ಯಂತರ ವರ್ಷದ ಹಿಂದಿನ ಒಂದೇ ಮೂಲದಿಂದ ಎಲ್ಲರಿಗೂ ಹಂಚಿ ಬಂದಿರೋದು.”

“ಹಂಗಾದ್ರ ಈ ನೊಣ ನಮಗ ಬೀಗರೇನ್ರಿ?”

“ಬೀಗರಲ್ಲ, ದಾಯಾದಿಗಳು!”

ಆ ದಾಯಾದಿಗಳ ವಂಶ ಈ ಬೇಸಿಗೆಯಲ್ಲಿ ದಾನಮ್ಮನ ಕೈಯಲ್ಲೇ ಅಳಿಯುವುದರಲ್ಲಿತ್ತು. ಹೊಸ ಬಾಟಲಿಗಳಲ್ಲಿ ಮೊಟ್ಟೆ ಒಡೆದು ಮರಿಹುಳು ಬಂದವು. ಆದರೆ ದಿನ ಕಳೆದರೂ ಅವು ಗಾಜು ಹತ್ತಿ ಕೋಶ ಕಟ್ಟಲಿಲ್ಲ. ಗಂಜಿಯಲ್ಲೇ ಕಪ್ಪಾಗಿ ಸತ್ತವು. ತಾಯಿ ನೊಣಗಳು ಅಷ್ಟರಲ್ಲಿ ಮುಪ್ಪಾಗಿ ಮುಗಿದಿದ್ದವು. ಬೇರೆ ವಂಶಗಳನ್ನು ಇನ್ನೊಂದು ಕಾಲೇಜಿನಿಂದ ತರಿಸಬಹುದು. ತಲೆಯಲ್ಲಿ ಕಾಲಿನ ಈ ನೊಣಗಳು ಸುತ್ತಮುತ್ತ ಯಾರಲ್ಲೂ ಇರಲಿಲ್ಲ.

ಅನಂತಲಕ್ಷ್ಮಿ ಅಡುಗೆಮನೆಗೆ ಬಂದು ಒಂದೊಂದೇ ಡಬ್ಬ ತೆಗೆಸಿದರು. “ರವೆಗೆ ಏನಾದ್ರೂ ಹಾಕಿದ್ರಾ?”

“ಬೇವಿನ ತಪ್ಪಲ ಒಣಗಿಸಿ ಹಾಕೀನ್ರಿ. ಬ್ಯಾಸಿಗಿ ನೋಡ್ರಿ, ಹುಳ ಬೀಳಬಾರದಂತ.”

ಮೇಡಂ ಡಬ್ಬದೊಳಗೆ ಕೈಯಾಡಿಸಿದರು. “ಅಲ್ರೀ ದಾನಮ್ಮ, ನಾವು ಸಾಕ್ತಿರೋದೇ ಹುಳ ಅಲ್ವೇನ್ರೀ!”

ಎಲೆ ಪುಡಿಯಾಗಿ ರವೆಯಲ್ಲಿ ಬೆರೆತುಹೋಗಿತ್ತು. ಮರಿಹುಳು ಪೊರೆ ಕಳಚಿ ಬೆಳೆಯಬೇಕಾದರೆ ಒಡಲೊಳಗಿಂದ ಒಂದು ಸೂಚನೆ ಏಳಬೇಕು. ಬೇವು ಅದನ್ನೇ ತಡೆಯುತ್ತದೆ. ಮನೆಯ ಡಬ್ಬಕ್ಕೆ ಮದ್ದಾದದ್ದು ಇಲ್ಲಿ ವಿಷವಾಯಿತು. ದಾನಮ್ಮ ಅಂದು ಉಣ್ಣಲಿಲ್ಲ. “ಯಾವ ಕಾಲದಿಂದ ನಡದು ಬಂದ ವಂಶರಿ. ನನ್ನ ಸೌಟಿಗೆ ಬಂದು ನಿಂತಿತಲ್ಲ ಅಂತ ಜೀವ ಚುರ್ ಅಂತು.”

ಆಗ ಅವರಿಗೆ ನೆನಪಾದದ್ದು ತೊಳೆಯದ ಬಾಟಲಿಗಳು. ನೊಣಗಳನ್ನು ಹೊಸ ಊಟಕ್ಕೆ ವರ್ಗಾಯಿಸಿದ ಕೂಡಲೇ ಹಳೆಯ ಬಾಟಲಿ ಕುದಿಸಿ ತೊಳೆಯುವುದು ಇಲ್ಲಿನ ಪದ್ಧತಿ. ಆದರೆ ಈ ಸಲ ಕಾಲೇಜಿನ ನೀರಿನ ಸಂಪು ದುರಸ್ತಿಗೆ ಬಿದ್ದಿತ್ತು. ಟ್ಯಾಂಕರ್ ನೀರು ಅಡುಗೆಗೇ ಸಾಲದು. ಮೇಡಂ ಕಣ್ಣಿಗೆ ಬೀಳದಿರಲೆಂದು ದಾನಮ್ಮ ಎಂಜಲು ಬಾಟಲಿಗಳನ್ನು ಮೆಟ್ಟಿಲ ಕೆಳಗೆ ಗೋಣಿಚೀಲ ಮುಚ್ಚಿ ಬಚ್ಚಿಟ್ಟಿದ್ದರು.

“ಮುಸುರಿ ಹಂಗ ಇಟ್ಟದ್ದು ಜೀವನದಾಗ ಅದ ಮೊದಲ್ರಿ. ನಾಚಿಕಿ ಬಿಟ್ಟು ಮೇಡಂನ ಕರಕೊಂಡು ಹೋಗಿ ಗೋಣಿ ಎತ್ತಿದೆ.”

ಹತ್ತಿ ಬಿರಡೆ ಹಾಕಿದ್ದಂತೆಯೇ ಇತ್ತು. ಒಣಗುತ್ತ ಬಂದ, ಬೇವು ಸೇರುವ ಮೊದಲಿನ ಹಳೆಯ ಗಂಜಿಯ ಮೇಲೆ, ಮೂರು ಬಾಟಲಿಗಳಲ್ಲಿ ಉಳಿದಿದ್ದ ಕೋಶಗಳಿಂದ ತಡವಾಗಿ ಎದ್ದ ನೊಣಗಳು ಓಡಾಡುತ್ತಿದ್ದವು. ಅನಂತಲಕ್ಷ್ಮಿ ಕೆಲವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ತಲೆ ಎತ್ತದೆಯೇ ಹೇಳಿದರು: “ಕಾಲಿದೆ ಕಣ್ರೀ.”

ಹೊಸ ರವೆ ಬಂತು, ಹೊಸ ಗಂಜಿ ಆಯಿತು. ದಾನಮ್ಮ ದಿನಾ ಬಂದೊಡನೆ ಒಲೆ ಹಚ್ಚುವ ಮೊದಲು ಬಾಟಲಿ ನೋಡುತ್ತಿದ್ದರು. ಒಂದು ಬೆಳಿಗ್ಗೆ ಬಿಳಿಯ ಹುಳುವೊಂದು ಗಂಜಿ ಬಿಟ್ಟು ಮೆಲ್ಲಗೆ ಗಾಜು ಹತ್ತುತ್ತಿತ್ತು. ಹಿಂದೆಯೇ ಇನ್ನೊಂದು. ವಾರದಲ್ಲಿ ಬಾಟಲಿ ತುಂಬ ನೊಣ.

ಈಗ ಆ ವಂಶ ಎರಡು ಕೋಣೆಗಳಲ್ಲಿ ಬೇರೆಬೇರೆಯಾಗಿ ಬೆಳೆಯುತ್ತಿದೆ. ಅವು ಎದ್ದ ದಿನ ಸಿಹಿ ಮಾಡಿದಿರಾ ಎಂದರೆ ದಾನಮ್ಮ ನಗುತ್ತಾರೆ.

“ಎಲ್ಲೀ ಸಿಹಿರಿ! ಬಸ್ಸಿನ್ಯಾಗ ಕುಂತೆ ನೋಡ್ರಿ, ಎಷ್ಟೋ ದಿನದ ನಿದ್ದಿ ಒಮ್ಮೆಲೇ ಬಂತು. ಕಂಡಕ್ಟರ್ ಎಬ್ಬಿಸಿ, ‘ಏನಮ್ಮಾ, ಸುಂಕದಕಟ್ಟೆ ದಾಟಿ ಬ್ಯಾಡರಹಳ್ಳಿಗೆ ಬಂದ್ಬಿಟ್ಟಿದೀಯಲ್ಲ!’ ಅಂದ. ‘ಇರಲಿ ಬಿಡಪ್ಪ,’ ಅಂದೆ. ಇಳದು, ಹಿಂದಕ್ಕ ನಡಕೋತ ಬಂದೆ. ಅಷ್ಟು ಹಗುರ ಎಂದೂ ನಡದಿದ್ದಿಲ್ರಿ.”