ಮೇಲೆ ಗೋಡು, ತಳದಲ್ಲಿ ಹುಳಿ

ನನ್ನ ದೊಡ್ಡಪ್ಪನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಅವನು ಬದುಕಿದ್ದಾಗಲೇ ಮುಖದ ಮೇಲೆ ಆಡಿದ್ದೇನೆ, ನನಗೆ ಆ ಹಂಗಿಲ್ಲ.

ಅಪ್ಪ ನಾಗಮಂಗಲದಲ್ಲಿ ಬಸ್ ಕಂಡಕ್ಟರ್ ಆಗಿದ್ದ. ತೊಂಬತ್ತರ ದಶಕದ ಶುರುವಿನಲ್ಲಿ ಅವನು ತೀರಿಕೊಂಡಾಗ ಅವ್ವನಿಗೂ ನನಗೂ ಉಳಿದದ್ದು ಶೀಳನೆರೆ ಪಕ್ಕದ ಊರಿನ ಜಮೀನಿನ ಪಾಲು ಒಂದೇ. ನಮ್ಮ ಅನ್ನ ಅಲ್ಲೇ ಹುಟ್ಟಬೇಕಿತ್ತು. ನಮ್ಮ ಕಡೆ ಹಿರಿಯ ಪಾಲು ಮಾಡಬೇಕು, ಕಿರಿಯನ ಮನೆಯವರು ಮೊದಲು ಆರಿಸಿಕೊಳ್ಳಬೇಕು. ದೊಡ್ಡಪ್ಪ ಮೂಡಲ ಹೊಲ, ಪಡುವಲ ಹೊಲ ಎರಡನ್ನೂ ತೋರಿಸಿದ. ಮೂಡಲ ಹೊಲದ ಮಣ್ಣು ಕಪ್ಪಗೆ, ಮೆತ್ತಗಿತ್ತು. ಅವ್ವ ಒಂದು ಹಿಡಿ ಎತ್ತಿ ಮೂಸಿ, "ಇದೇ ಇರ್ಲಿ" ಅಂದಳು.

ಎರಡು ಮಳೆಗಾಲಕ್ಕೆ ಆ ಕಪ್ಪು ಕೊಚ್ಚಿಕೊಂಡು ಹೋಯಿತು. ರಾಗಿ ಗೇಣುದ್ದಕ್ಕೇ ಹಳದಿಯಾಗಿ ನಿಂತಿತು. ಕೃಷಿ ಇಲಾಖೆಯವನೊಬ್ಬ ಬಂದು ಎದೆಮಟ್ಟದ ಗುಂಡಿ ತೋಡಿಸಿದ. "ಮೇಲಿಂದು ಕೆರೆಗೋಡು ಕಣ್ರೀ, ಕೆರೆ ತಳದ ಹೂಳು, ಯಾರೋ ತಂದು ಹೊಡೆಸಿದ್ದಾರೆ. ಕೆಳಗಿರೋದು ನಿಮ್ಮ ಮಣ್ಣು" ಅಂದ. ಮಣ್ಣಿನ ಜಾತಿ ಹೇಳುವವರು ಮೇಲಿನ ಬಣ್ಣ ನಂಬುವುದಿಲ್ಲವಂತೆ, ಗುಂಡಿ ತೋಡಿ ಪದರ ನೋಡುತ್ತಾರಂತೆ. ನಮ್ಮದರಲ್ಲಿ ಮಳೆ ಸತ್ವವನ್ನೆಲ್ಲ ತೊಳೆದು, ಜೇಡಿಯನ್ನು ಕೆಳಕ್ಕಿಳಿಸಿತ್ತು. ತಳದ ಕೆಂಪು ಪದರ ಹೆಂಚಿನ ಹಾಗೆ ಬಿಗಿದಿತ್ತು, ಬೇರು ಇಳಿಯದಷ್ಟು ಹುಳಿ, ಅಂದರೆ ಆಮ್ಲ, ಅದರಲ್ಲಿತ್ತು.

ಪಾಲಿಗೆ ಮುಂಚಿನ ಬೇಸಿಗೆಯಲ್ಲಿ, ನಾವಿನ್ನೂ ನಾಗಮಂಗಲದಲ್ಲಿದ್ದಾಗ, ದೊಡ್ಡಪ್ಪನ ಗಾಡಿ ಕೆರೆಯಿಂದ ಆ ಹೊಲಕ್ಕೆ ಗೋಡು ಹೊತ್ತದ್ದನ್ನು ಊರೆಲ್ಲ ನೋಡಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ, ಹಾಳಾದವರು. ಅವನ ಜಗಲಿಗೇ ಹೋಗಿ ನಿಂತೆ. ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಮೋಸ ಮಾಡ್ಬುಟ್ಟೆ ಕಣಯ್ಯ. ಪೈರೇ ಏಳ್ತಾ ಇಲ್ಲ."

"ನಾನೇನು ನಿಮ್ ತಲೆಗೆ ಕಟ್ಟಿದ್ನೇನ್ಲಾ? ಆರಿಸ್ಕಂಡೋಳು ನಿಮ್ಮವ್ವ." ಬೆರಳಿನ ಸುಣ್ಣವನ್ನು ಕಂಬಕ್ಕೆ ಒರೆಸಿದ. "ಒಲಕ್ಕೆ ಸುಣ್ಣ ಆಕು ಓಗ್ಲಾ, ಉಳಿ ಕಮ್ಮಿ ಆಯ್ತದೆ."

ಹುಳಿಯ ಮಾತು ನಾನಿನ್ನೂ ಎತ್ತಿರಲೇ ಇಲ್ಲ. ಅಂದರೆ ಅವನಿಗೆ ಮೊದಲೇ ಗೊತ್ತಿತ್ತು. ಅಯೋಗ್ಯ.

ಆಮೇಲೆ ವರ್ಷಾವರ್ಷ ಸುಣ್ಣ ಎರಚಿದೆವು. ಅವ್ವನ ಅಂಗೈ ಬಿರಿದು, ಮುದ್ದೆ ಕಟ್ಟುವಾಗ ಉರಿಯುತ್ತಿತ್ತು. ಬೆಳೆ ಅರ್ಧ ಹೊಟ್ಟೆಗೆ ಬರುತ್ತಿತ್ತು.

ದೊಡ್ಡಪ್ಪ ಸತ್ತಾಗ ಅವನ ಪಡುವಲ ಹೊಲದಲ್ಲೇ ಮಣ್ಣು ಮಾಡಿದರು. ಎಲ್ಲರೂ ಗುಂಡಿಯ ಪಕ್ಕದ ರಾಶಿಯಿಂದ ಮೂರು ಹಿಡಿ ಹಾಕಿ ಸರಿದರು. ಅವ್ವ ಆ ರಾಶಿ ಮುಟ್ಟಲಿಲ್ಲ. ಸೆರಗಿನ ಗಂಟು ಬಿಚ್ಚಿ, ನಮ್ಮ ಹೊಲದ ಕೆಂಪು ಹೆಂಟೆ ತೆಗೆದು ಅವನ ಎದೆಯ ಮೇಲೆ ಹಾಕಿದಳು.

"ತಗೋ ಬಾವ, ಮೇಲಿಂದಲ್ಲ. ತಳದ್ದು."