ಸಿಮೆಂಟಿನ ಹಲ್ಲಿಗೆ ಭಂಡಾರ

ಮನೆದೇವರು ಬೀರಪ್ಪನ ಭಂಡಾರ, ಅಂದರೆ ಗುಡಿಯ ಅರಿಸಿನ ಪುಡಿ, ಹಚ್ಚದೆ ಯಾವ ಹೊಸ ವಸ್ತುವನ್ನೂ ನಮ್ಮ ಅತ್ತೆಯವರು ಮನೆಯೊಳಗೆ ಬಿಟ್ಟವರಲ್ಲ. ಮಿಕ್ಸರಿಗೆ ಹಚ್ಚಿದ್ದರು, ಟಿವಿಗೂ ಹಚ್ಚಿದ್ದರು. ನನ್ನ ಹಲ್ಲಿಗೂ ಹಚ್ಚುತ್ತಾರೆಂದು ನನಗೆ ಮೊದಲೇ ಹೊಳೆಯಬೇಕಿತ್ತು.

ಮಹಾಲಿಂಗಪುರದ ಹಲ್ಲಿನ ಡಾಕ್ಟರು ನನ್ನ ದವಡೆ ಹಲ್ಲಿನ ಬೇರು ತೊಳೆದು, ತೂತಿನಲ್ಲಿ ಹತ್ತಿ ಇಟ್ಟು, ಮೇಲೆ ಬಿಳಿ ಸಿಮೆಂಟು ಮೆತ್ತಿದ್ದರು.

"ಅಕ್ಕಾರ, ಇದು ಒಂದು ವಾರದ ಮಟ್ಟಿಗಷ್ಟ. ಆ ಕಡಿ ಅಗೀಬ್ಯಾಡ್ರಿ. ಸಡ್ಲಾಗಿ ಎಂಜಲ ಒಳಗ ಇಳೀತಂದ್ರ ಮತ್ತ ಮೊದಲಿಂದ ತೊಳೀಬೇಕಾಕ್ಕೈತಿ."

ಮೊದಲಿಂದ ಅಂದರೆ ಮತ್ತೆ ಒಸಡಿಗೆ ಸೂಜಿ. ಆ ಸೂಜಿಗೆ ಹೆದರಿದಷ್ಟು ನಾನು ಯಮನಿಗೂ ಹೆದರಿದವಳಲ್ಲ.

ನಮ್ಮೂರು ಚಿಮ್ಮಡಕ್ಕೆ ಬಂದು ಹೊಸ್ತಿಲು ದಾಟುವುದರೊಳಗೆ ಅತ್ತೆಯವರು ಎದುರು ನಿಂತಿದ್ದರು.

"ಬಾಯಿ ತೆರಿ."

"ಯಾಕ್ರೀ?"

"ಹೊಸಾದು ಹಾಕಿಸ್ಕೊಂಡು ಬಂದಿಯಲ್ಲ. ತೆರಿ ಅಂದ್ನಿ."

ಸಿಮೆಂಟಿನ ಮೇಲೆ ಹೆಬ್ಬೆರಳಿನಿಂದ ಭಂಡಾರ ಒತ್ತಿಯೇ ಬಿಟ್ಟರು. ಅಂದಿನಿಂದ ದಿನಾ ಪೂಜೆಯಾದ ಮೇಲೆ ಹಲ್ಲಿಗೊಂದು ಚಿಟಿಕೆ. ದೇವರ ಭಂಡಾರ, ಉಗುಳಲಿಕ್ಕಾಗುತ್ತದೆಯೇ? ನುಂಗುತ್ತಿದ್ದೆ.

"ನಮ್ಮವ್ವ ಟ್ರ್ಯಾಕ್ಟರಿಗೂ ಇಷ್ಟು ಹಚ್ಚಿಲ್ಲ ನೋಡು," ಎಂದು ನಮ್ಮ ಯಜಮಾನರು ನಗುತ್ತಿದ್ದರು.

ವಾರದ ಮೇಲೆ ಅತ್ತೆಯವರೂ ನನ್ನ ಜೋಡಿ ಬಸ್ಸು ಹತ್ತಿದರು. ಡಾಕ್ಟರು ನನ್ನ ಬಾಯೊಳಗೆ ಬೆಳಕು ಬಿಟ್ಟು, ಹಳದಿಯಾಗಿದ್ದ ಸಿಮೆಂಟನ್ನು ಬಗ್ಗಿ ನೋಡಿದರು.

"ನಾ ಬಿಳೇದು ಹಾಕಿದ್ನೆಲ್ರೀ?"

ಬಾಯಿ ತೆರೆದುಕೊಂಡಿದ್ದ ನಾನೇನು ಹೇಳಲಿ? ಅತ್ತೆಯವರೇ ಹೇಳಿದರು: "ಅದು ಭಂಡಾರ ಐತ್ರೀ."

"ಅಂದ್ರ ಅರಿಷಿಣ. ಹತ್ತಿ ಹಳದಿ ಆಗಿತ್ತಂದ್ರ ಎಂಜಲಾನೂ ಒಳಗ ಹೋಗೇತಿ ಅಂತ ತಿಳೀರಿ. ನೋಡೂಣು."

ಕೆರೆಯತೊಡಗಿದರು. ನಾನು ಕಣ್ಣು ಮುಚ್ಚಿ ಬೀರಪ್ಪನನ್ನು ನೆನೆದೆ. ಅವನ ಭಂಡಾರ ಅವನೇ ತಡೆಯಲಿ ಎಂದು ಅವನನ್ನೇ ಬೇಡಿಕೊಂಡೆ.

ಚಿಮಟಿಗೆಯಿಂದ ಎತ್ತಿದ ಹತ್ತಿಯನ್ನು ಡಾಕ್ಟರು ದೀಪಕ್ಕೆ ಹಿಡಿದು ತಿರುಗಿಸಿದರು. ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗಿತ್ತು.

"ನಮ್ಮ ಸಿಮೆಂಟ ಛಲೋ ಹಿಡದೈತ್ರಿ," ಎಂದರು ಖುಷಿಯಿಂದ.

"ಸಿಮೆಂಟೆಲ್ಲಿ ಹಿಡೀತೈತ್ರೀ? ನಮ್ಮ ಬೀರಪ್ಪ ಬಾಗಲದಾಗ ಕಾವಲ ನಿಂತಿದ್ದ," ಎಂದರು ಅತ್ತೆಯವರು.

ಬಾಯಿ ತೆರೆದೇ ಇದ್ದುದರಿಂದ ಯಾರ ಪಕ್ಷವನ್ನೂ ಹಿಡಿಯುವ ಕಷ್ಟ ನನಗೆ ಬರಲಿಲ್ಲ. ಸೂಜಿ ತಪ್ಪಿತ್ತಲ್ಲ, ಮನಸ್ಸಿನಲ್ಲೇ ಇಬ್ಬರಿಗೂ ಕೈಮುಗಿದೆ.

ಡಾಕ್ಟರು ಬೇರು ತುಂಬಿ, ಮೇಲೆ ಕಾಯಂ ಸಿಮೆಂಟು ಹಾಕಿ ಮುಗಿಸಿದರು. ನಾನು ಕುರ್ಚಿಯಿಂದ ಇಳಿಯುವುದರೊಳಗೆ ಅತ್ತೆಯವರು ಸೊಂಟದ ಭಂಡಾರದ ಚೀಲದ ದಾರ ಬಿಚ್ಚುತ್ತಿದ್ದರು.

"ಇದೂ ಹೊಸಾದ ಅಲ್ಲೇನ? ತೆರಿ."

ನಾನು ಡಾಕ್ಟರ ಮುಖ ನೋಡಿದೆ. ಅವರು ಸ್ವಲ್ಪ ಯೋಚಿಸಿ, ದೀಪವನ್ನು ಅತ್ತೆಯವರಿಗೆ ಕಾಣುವಂತೆ ತಿರುಗಿಸಿ ಹಿಡಿದರು.